ಕಾಜಾ ಹೊಲಿದ ಕೈ

ಹೊಲಿಗೆ ಶೆಡ್ಡು,
ನವೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

...‘ಬಾಯಿಗೇನು ಹೊಲಿಗೆ ಹಾಕ್ಕೊಂಡಿದ್ದೀಯೇನೋ’ ಅಂತ ನೀನು ಅಂದದ್ದು ರೈಲು ಹೊರಟ ಮೇಲೋ, ಅದಕ್ಕೂ ಮುಂಚೆ ನಾನು ಕಿಟಕಿ ಪಕ್ಕ ಜಾಗ ಹುಡುಕುತ್ತಿದ್ದಾಗಲೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಅದರ ಬೆನ್ನಿಗೇ ಇನ್ನೂ ಏನೋ ಹೇಳಿದೆ. ಗಾಡಿಯ ಸದ್ದಿನಲ್ಲಿ ಅದು ಹೋಯಿತು. ಈ ಎಂಟು ತಿಂಗಳಲ್ಲಿ ಆ ಉಳಿದ ಮಾತನ್ನು ನಾನೇ ಹತ್ತಾರು ಬಗೆಯಲ್ಲಿ ತುಂಬಿಕೊಂಡಿದ್ದೇನೆ. ಯಾವುದೂ ನಿನ್ನ ದನಿಯಲ್ಲಿ ಕೇಳಿಸುವುದಿಲ್ಲ. ಇರಲಿ. ನಿನ್ನ ಮಂಡಿನೋವು ಹೇಗಿದೆ? ಮಹಡಿ ಹತ್ತುವುದನ್ನು ಬಿಟ್ಟಿದ್ದೀಯೋ, ಇಲ್ಲ ಬಟ್ಟೆ ಒಣಹಾಕುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಹತ್ತಿಳಿದು ಆಮೇಲೆ ಭಾವನ ಮೇಲೆ ರೇಗುತ್ತೀಯೋ? ಭಾವನ ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀಯ. ಕೊನೆಯಲ್ಲಿ ಅವರೂ ಎರಡು ಸಾಲು ಗೀಚಿದ್ದಾರೆ. ಅಕ್ಷರ ನಡುಗಿಲ್ಲ, ಅದರಿಂದ ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಹಲ್ಲುನೋವು ಹೋಯಿತು, ಹಲ್ಲಿನ ಜೊತೆಗೇ.

ಸೈನ್ಯಕ್ಕೆ ಸೇರಿದ ಮೇಲೂ ನಾನು ಮಾಡುತ್ತಿರುವುದು ಅದೇ ದರ್ಜಿ ಕೆಲಸ ಎಂದರೆ ನಿನ್ನ ಪಕ್ಕದ ಮನೆಯವರು ನಗಬಹುದು. ತಗಡಿನ ಮಾಡಿನ ಕೆಳಗೆ ಎಂಟು ಮಿಷನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಮೂಟೆಗಳು. ಮುಂಚೂಣಿಯಲ್ಲಿ ಹರಿದ ಬಟ್ಟೆಗಳು ಒಗೆದು ಬರುತ್ತವೆ. ಹೊಲಿಯಬಹುದಾದ್ದನ್ನು ಹೊಲಿಯುತ್ತೇವೆ, ಆಗದ್ದರಿಂದ ಗುಂಡಿ ಬಿಚ್ಚಿ ಡಬ್ಬಕ್ಕೆ ಹಾಕುತ್ತೇವೆ. ಹಾಕಿಕೊಂಡಿದ್ದವರು ಯಾರು ಎಂದು ಯಾರೂ ಕೇಳುವುದಿಲ್ಲ. ಎಲ್ಲೋ ದೂರದಲ್ಲಿ ಬಾಂಬು ಸಿಡಿದರೆ ಮೊದಲು ಗೊತ್ತಾಗುವುದು ಮೇಜಿನ ಮೇಲಿನ ಕತ್ತರಿಗೆ. ಸಣ್ಣಗೆ ಕಿಣಿಕಿಣಿ ಅನ್ನುತ್ತದೆ. ಪಕ್ಕದ ಮಿಷನ್ನಿನವನಿಗೆ ನಾವು ಸೋಡಾಗ್ಲಾಸು ಅನ್ನುತ್ತೇವೆ, ಅವನ ಕನ್ನಡಕ ಅಷ್ಟು ದಪ್ಪ. ಕತ್ತರಿ ಕಿಣಿಗುಟ್ಟಿದಾಗಲೆಲ್ಲ ಅವನು ‘ಬಂತಪ್ಪಾ ನಾಳೆಯ ಕೆಲಸ’ ಅನ್ನುತ್ತಾನೆ. ಮೊದಮೊದಲು ನಗುತ್ತಿದ್ದೆವು.

ಸೆಪ್ಟೆಂಬರಿನಲ್ಲಿ ಚಳಿಗಾಲಕ್ಕೆಂದು ಹೊಸ ಕೋಟುಗಳ ಮೂಟೆ ಬಂತು. ಹಂಚುವ ಮುಂಚೆ ಗುಂಡಿ, ಅದು ತೂರುವ ಕಾಜಾ ಸರಿಯಿದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಿತ್ತು. ಕಾಜಾದ ತುದಿಯನ್ನು ಎಲ್ಲರೂ ಅಡ್ಡಲಾಗಿ ಎರಡು ಎಳೆ ಹಾಕಿ ಮುಗಿಸುತ್ತಾರೆ. ಊರಿನ ನಮ್ಮ ಅಂಗಡಿಯಲ್ಲಿ, ನಿನಗೆ ಗೊತ್ತಲ್ಲ, ಅವಳು ಮಾತ್ರ ಮೂರನೆಯದೊಂದನ್ನು ಓರೆಯಾಗಿ ಹಾಕಿ ಒಳಗೆಳೆದು ಬಿಗಿಯುತ್ತಿದ್ದಳು. ದಾರ ದಂಡ ಎಂದು ಯಜಮಾನರು ಗೊಣಗಿದರೆ, ‘ಗುಂಡಿ ಉದುರಿದ್ರೆ ನನ್ನ ಕೇಳಬೇಡಿ, ಕಾಜಾ ಹರಿದ್ರೆ ಕೇಳಿ’ ಅನ್ನುತ್ತಿದ್ದಳು. ಹನ್ನೊಂದು ವರ್ಷ ನಾನು ಬಟ್ಟೆ ಕತ್ತರಿಸುತ್ತಾ, ಅವಳು ಎದುರಿಗೆ ಕೂತು ಕಾಜಾ ಹೊಲಿಯುತ್ತಾ ಇದ್ದೆವು. ನನ್ನ ಬಾಯಿಂದ ಮಾತು ಹೊರಟಿದ್ದು ಇಲ್ಲಿಗೆ ಬರುವ ಹಿಂದಿನ ವಾರ. ಅದೂ ಎಂಥ ಮಾತು? ‘ಯುದ್ಧ ಮುಗೀಲಿ, ನೋಡೋಣ.’ ಅವಳು ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, ‘ನೋಡೋಣ ಅನ್ನೋಕೆ ನಾನೇನು ಬಟ್ಟೆ ಥಾನಾ?’ ಅಂದಳು. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಕಿವಿಯವರೆಗೂ ಕೆಂಪಾದೆ.

ಆ ಮೂಟೆಯ ಏಳನೆಯ ಕೋಟಿನಲ್ಲಿ ಆ ಓರೆ ಎಳೆ ಇತ್ತು. ಐದು ಕಾಜಾ, ಐದರಲ್ಲೂ. ನಮ್ಮ ಅಂಗಡಿಗೆ ಸೈನ್ಯದ ಕೆಲಸ ಸಿಕ್ಕಿದೆ ಎಂದು ನೀನೇ ಬರೆದಿದ್ದೆಯಲ್ಲ. ಆಮೇಲೆ ನಾನು ಮಾಡಿದ್ದನ್ನು ಕೇಳಿ ನೀನು ಹಣೆ ಚಚ್ಚಿಕೊಳ್ಳುತ್ತೀಯ. ಆ ಕೋಟು ನನ್ನ ಅಳತೆಯದಲ್ಲ. ಅಡುಗೆಯವನ ಪಾಲಿನದು, ಅವನು ಕುಳ್ಳ. ಅವನಿಗೆ ನನ್ನ ದಪ್ಪನೆಯ ಕೋಟು ಕೊಟ್ಟು ಅದನ್ನು ನಾನು ತೆಗೆದುಕೊಂಡೆ. ಮುಂಗೈ ಪೂರ್ತಿ ಹೊರಗೆ, ಬೆನ್ನು ಬಿಗಿತ. ಸೋಡಾಗ್ಲಾಸು ನೋಡಿ, ‘ದರ್ಜಿಗೇ ಅಳತೆ ತಪ್ಪಿತಲ್ಲಯ್ಯಾ’ ಎಂದು ಶೆಡ್ಡಿಗೆಲ್ಲ ಕೇಳುವಂತೆ ಅಂದ. ಬಿಚ್ಚಿ ಸರಿಮಾಡಿಕೊಳ್ಳಬಹುದಿತ್ತು. ಆದರೆ ಅದರ ಒಂದು ಹೊಲಿಗೆಗೂ ಕೈ ಹಚ್ಚುವ ಮನಸ್ಸಾಗಲಿಲ್ಲ. ಎರಡು ತಿಂಗಳು ಬೆಳಿಗ್ಗೆ ಎದ್ದು ಆ ಐದು ಗುಂಡಿ ಹಾಕಿಕೊಳ್ಳುವುದೇ ನನ್ನ ದಿನದಲ್ಲಿ ಯಾರೊಡನೆಯೋ ಆಡಿದ ಮಾತಿನ ಹಾಗಿತ್ತು. ಉಳಿದಂತೆ ಇಲ್ಲಿ ಮಾತಿಗೆ ಬರವಿಲ್ಲ, ಆಡುವುದಕ್ಕೆ ಮಾತ್ರ ಯಾರೂ ಇಲ್ಲ.

ನಿನ್ನ ಕಾಗದ ನಿನ್ನೆ ಸಿಕ್ಕಿತು, ಇಪ್ಪತ್ತನಾಲ್ಕು ದಿನಕ್ಕೆ. ಅವಳ ಅಪ್ಪ ಹಾಸಿಗೆ ಹಿಡಿದದ್ದರಿಂದ ಅವಳು ಜೂನ್‌ನಲ್ಲೇ ಅಂಗಡಿ ಬಿಟ್ಟಳೆಂದೂ, ಈಗ ಕಾಜಾ ಹೊಲಿಯುವವರು ಅವಳು ಕಲಿಸಿ ಹೋದ ಆರು ಜನ ಹೆಂಗಸರೆಂದೂ ನೀನು ಸುಮ್ಮನೆ ಸುದ್ದಿಯ ಹಾಗೆ ಬರೆದಿದ್ದೀಯ. ಸೈನ್ಯದ ಕೋಟಿನ ಕೆಲಸ ಶುರುವಾದದ್ದು ಜುಲೈನಲ್ಲಿ. ಅಂದರೆ ಇಷ್ಟು ದಿನ ನಾನು ಯಾರ ಕೈಕೆಲಸವನ್ನು ಎದೆಗೆ ಅವಚಿಕೊಂಡಿದ್ದೆನೋ, ಅವರ ಮುಖವನ್ನೂ ನೋಡಿಲ್ಲ. ಕೋಟು ಬಿಚ್ಚಲಿಲ್ಲ, ಬೇರೆ ಇಲ್ಲವಲ್ಲ. ಆದರೆ ನಿನ್ನೆಯಿಂದ ಅದು ತೆಳ್ಳಗಾಗಿದೆ.

ಕಾಗದದ ಇನ್ನೊಂದು ಸಂಗತಿಗೆ ಉತ್ತರ ಬರೆಯಬೇಕು. ಗಡಿಯಾರ ರಿಪೇರಿಯವರು ಅವಳನ್ನು ಮದುವೆಗೆ ಕೇಳಿದ್ದಾರೆ. ಅವಳು ನಿನ್ನಲ್ಲಿಗೆ ಬಂದು, ಹೊರಡುವಾಗ ಬಾಗಿಲಲ್ಲಿ ನಿಂತು, ‘ನಿಮ್ಮ ತಮ್ಮ ಏನಂತಾರೋ ಒಂದು ಮಾತು ಕೇಳಿ ಅಕ್ಕಾ’ ಅಂದಳಂತೆ. ನವೆಂಬರ್ ಕೊನೆಗೆ ಗಡಿಯಾರದವರಿಗೆ ಉತ್ತರ ಕೊಡಬೇಕಂತೆ. ಅವರನ್ನು ನಾನು ಬಲ್ಲೆ. ಹೆಂಡತಿ ತೀರಿಕೊಂಡು ಆರು ವರ್ಷ ಆಯಿತು. ಎಡಭುಜ ಅರ್ಧ ಬೆರಳು ಇಳಿದಿದೆ, ಅವರ ಕೋಟಿಗೆ ಒಳಗೆ ಹತ್ತಿ ಕೊಟ್ಟು ಹೊಲಿಯುತ್ತಿದ್ದೆ. ಹೊಲಿಗೆಯ ಬಗ್ಗೆ ಒಂದು ದಿನವೂ ತಕರಾರು ತೆಗೆದವರಲ್ಲ. ಸಂಜೆ ಆರಕ್ಕೆ ಅಂಗಡಿ ಮುಚ್ಚಿ ಆರೂಕಾಲಿಗೆ ಮನೆಯಲ್ಲಿರುವ ಮನುಷ್ಯ. ಬೇಡ ಅನ್ನುವುದಕ್ಕೆ ನನಗೆ ಕಾರಣ ಹೊಳೆಯುತ್ತಿಲ್ಲ. ಅವಳಿಗೆ ಹೇಗೆ ಸರಿಯೆನಿಸುತ್ತದೋ ಹಾಗೆ ಮಾಡಲಿ, ನನ್ನ ಅಡ್ಡಿ ಇಲ್ಲ ಎಂದು ಹೇಳು.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ನನ್ನ ಪೆಟ್ಟಿಗೆಯಲ್ಲಿರುವ ದೊಡ್ಡ ಕತ್ತರಿಗೆ ತಿಂಗಳಿಗೊಮ್ಮೆ ಎಣ್ಣೆ ಸವರಿಸು, ತುಕ್ಕು ಹಿಡಿದೀತು.

ನಿನ್ನ
ತಮ್ಮ

ಮರೆಯುವ ಮುಂಚೆ: ಲಕೋಟೆ ಅಂಟಿಸುವಷ್ಟರಲ್ಲಿ ಸಾಹೇಬರು ಬಂದು ಹೇಳಿಹೋದರು. ನಾಳೆ ಶೆಡ್ಡು ಖಾಲಿ ಮಾಡಬೇಕು. ಮಿಷನ್ನುಗಳು ಹಿಂದಕ್ಕೆ, ನಾವು ಮುಂದಕ್ಕೆ. ಬಂದೂಕು ಆಗಲೇ ಹಂಚುತ್ತಿದ್ದಾರೆ. ಟಪಾಲು ಚೀಲ ಕಟ್ಟುತ್ತಿದ್ದಾರೆ, ಇನ್ನು ಹತ್ತು ನಿಮಿಷ. ಅಕ್ಕಾ, ಗಡಿಯಾರದವರ ವಿಷಯ ಮೇಲೆ ಬರೆದದ್ದನ್ನು ಅವಳಿಗೆ ಓದಿ ಹೇಳಬೇಡ. ದೊಡ್ಡ ಮನುಷ್ಯನ ಹಾಗೆ ಬರೆದುಬಿಟ್ಟೆ. ನನ್ನ ಅಡ್ಡಿ ಇದೆ. ಈ ಕೆಳಗಿನ ನಾಲ್ಕು ಸಾಲನ್ನಷ್ಟೇ ಹರಿದು ಅವಳ ಕೈಗೆ ಕೊಡು.

ನನ್ನನ್ನು ಬಿಟ್ಟು ಹೋಗಬೇಡ. ಇದನ್ನು ಹನ್ನೊಂದು ವರ್ಷ ಮೇಜಿನ ಈಚೆಯಿಂದಲೇ ಹೇಳಬಹುದಿತ್ತು. ತಿಂಗಳ ಕೊನೆಗೆ ಹದಿನಾರು ದಿನ ಇದೆ, ಕಾಗದ ಅಲ್ಲಿಗೆ ಮುಟ್ಟಲು ಇಪ್ಪತ್ತನಾಲ್ಕು ಬೇಕು. ನೀನು ಇದನ್ನು ಓದುವ ಹೊತ್ತಿಗೆ ಅವರಿಗೆ ಉತ್ತರ ಕೊಟ್ಟು ಆಗಿರುತ್ತದೆ. ಏನು ಹೇಳಿದೆ?