ಒಂದು ದನ, ನಾಲ್ಕು ಬಾಟಲಿ

ಜಾನುವಾರುಗಳ ಕ್ಷೇಮ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ದನ ಡೈಸಿಯ ಕೆಚ್ಚಲನ್ನು ಕೊಟ್ಟಿಗೆಗೇ ಬಂದು ಪರೀಕ್ಷಿಸಿ ಎಂದು ಕೇಳಿದ್ದು ತಪ್ಪೇ? ನಿಮ್ಮ ಕಚೇರಿಯ ಮಟ್ಟಿಗೆ ತಪ್ಪೇ ಇರಬೇಕು. ಬಿಜೈಯಲ್ಲಿ ಎರಡು ಫ್ಲ್ಯಾಟುಗಳ ನಡುವೆ ಉಳಿದುಕೊಂಡ ಕೊಟ್ಟಿಗೆಯನ್ನು ಕೊಟ್ಟಿಗೆಯೆಂದು ಒಪ್ಪಲು ನೀವು ಸಿದ್ಧರಿಲ್ಲ.

ಕಳೆದ ವರ್ಷ ಶಿಬಿರವೊಂದರಲ್ಲಿ ನಿಮ್ಮವರೇ ತೋರಿಸಿದ್ದರು: ನಾಲ್ಕು ಗುಳಿಯ ತಟ್ಟೆ, ಒಂದೊಂದು ಮೊಲೆಯ ಹಾಲು ಒಂದೊಂದು ಗುಳಿಗೆ, ಅದರ ಮೇಲೆ ಅಷ್ಟೇ ಔಷಧಿ. ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರೆ ಸೋಂಕಿರುವ ಹಾಲು ಲೋಳೆಯಾಗುತ್ತದೆ. ಬಾವು ಕಣ್ಣಿಗೆ ಕಾಣುವ ಮೊದಲೇ ತಿಳಿಯುತ್ತದೆ. ಎಷ್ಟು ಚೆಂದದ ವಿದ್ಯೆ! ಅದನ್ನು ನಂಬಿ ನಿಮ್ಮಲ್ಲಿಗೆ ಬಂದೆ.

"ಪೊರ್ಬುಗಳೇ, ಫಾರ್ಮ್ ಉಂಟಾ?" ಎಂದು ನಮ್ಮ ಕ್ರಿಸ್ತುವರನ್ನು ಊರವರು ಕರೆಯುವ ಹಾಗೆಯೇ ಕರೆದು ಕಿಟಕಿಯಲ್ಲಿದ್ದವರು ಕೇಳಿದರು.

"ಉಂಟು" ಎಂದು ತುಂಬಿಸಿದ ಅರ್ಜಿಯನ್ನು ಕಿಸೆಯಿಂದ ತೆಗೆದುಕೊಟ್ಟೆ.

"ಈ ಫಾರ್ಮ್ ಅಲ್ಲ ಮಾರಾಯ್ರೆ! ದನ ಸಾಕುವ ಫಾರ್ಮ್. ಎಷ್ಟು ದನ ಉಂಟು?"

"ಒಂದು."

"ಒಂದು ದನಕ್ಕೆ ಎಂತ ಫಾರ್ಮ್? ನಾವು ಟೆಸ್ಟಿಗೆ ಹೋಗುವುದು ಫಾರ್ಮಿಗೆ ಮಾತ್ರ. ನೀವು ಹಾಲು ತನ್ನಿ."

ಒಂದು ಬಾಟಲಿಯಲ್ಲಿ ಹಾಲು ತಂದೆ. ಹಿಂದಿನ ಎಡ ಮೊಲೆಯ ಮೇಲೆ ನನಗೆ ಸಂಶಯವಿತ್ತು. ಅಲ್ಲಿ ಕೈಯಿಟ್ಟರೆ ಡೈಸಿ ಕಾಲೆತ್ತುತ್ತಿದ್ದಳು. ಆದರೆ ನಾಲ್ಕೂ ಮೊಲೆಯ ಹಾಲು ಬೆರೆತ ಬಾಟಲಿ ನೋಡಿ "ಫಸ್ಟ್ ಕ್ಲಾಸ್ ಹಾಲು" ಎಂದರು. ಮೂರು ಮಂದಿ ಗಟ್ಟಿಮುಟ್ಟಾದವರ ನಡುವೆ ನಿಂತ ಒಬ್ಬ ರೋಗಿ ಯಾರ ಕಣ್ಣಿಗೆ ಬೀಳುತ್ತಾನೆ? ಮರುದಿನ ಬೇರೆ ಬೇರೆಯಾಗಿ ಕರೆದ ನಾಲ್ಕು ಬಾಟಲಿ ಒಯ್ದೆ.

"ನಾಲ್ಕು ಬಾಟಲಿ ಅಂದ್ರೆ ನಾಲ್ಕು ದನ. ಒಂದು ದನಕ್ಕೆ ಒಂದೇ ಸ್ಯಾಂಪಲ್."

"ಹಾಗಾದರೆ ನಾಲ್ಕು ದನ ಅಂತಲೇ ಬರೆದುಕೊಳ್ಳಿ. ನನ್ನದೂ ಫಾರ್ಮ್ ಆಗ್ತದಲ್ಲ?" ಎಂದೆ. ನಾಲ್ಕೂ ಬಾಟಲಿಗಳನ್ನು ಕಿಟಕಿಯಿಂದ ನನ್ನ ಕಡೆಗೇ ತಳ್ಳಿದರು.

ಈಗ ಆ ಮೊಲೆ ಬತ್ತಿದೆ. ಬಾವು ಕಂಡ ಮೇಲೆ ಕೊಡಿಸಿದ ಸೂಜಿಮದ್ದು ಹಿಡಿಯಲಿಲ್ಲ. ಮೊನ್ನೆಯಿಂದ ಹಿಂದಿನ ಬಲ ಮೊಲೆಗೆ ಕೈಯಿಟ್ಟರೂ ಕಾಲೆತ್ತುತ್ತಾಳೆ.

"ಅದೂ ಹೋದರೆ ಮಾರಿಬಿಡಿ ಅಂಕಲ್, ಪ್ಯಾಕೆಟ್ ಹಾಲು ಉಂಟಲ್ಲ" ಎಂದಳು ಹಾಲಿಗೆ ಬರುವ ಪಕ್ಕದ ಫ್ಲ್ಯಾಟಿನ ಸಬೀನಾ. ಪಾಪ, ನನ್ನ ಕಷ್ಟ ನೋಡಲಾಗದೆ ಹೇಳಿದ ಮಾತು. ಆದರೆ ಪ್ಯಾಕೆಟ್ಟಿನ ಹತ್ತಿರ ಕೂತು ಮಾತಾಡಲಿಕ್ಕೆ ಆಗುತ್ತದೆಯೇ?

ಡೈಸಿ ನನ್ನ ಅಕ್ಕ ಅಪೊಲೋನಿಯಾ ಕೈಯಾರೆ ಬೆಳೆಸಿದ ಕರು. ಅಕ್ಕ ತೀರಿಕೊಂಡ ಮೇಲೆ ಈ ಮನೆಯಲ್ಲಿ ಕೊಂಕಣಿ ಕೇಳಿಸುವುದು ಹಾಲು ಕರೆಯುವಾಗ ಮಾತ್ರ. ಪೇಟೆಯ ಸುದ್ದಿಯನ್ನೆಲ್ಲ ನಾನು ಹೇಳುತ್ತೇನೆ, ಅವಳು ಕಿವಿ ಆಡಿಸುತ್ತಾಳೆ. ಮಾನ್ಯರೇ, ಇದು ನಿಮ್ಮ ಯಾವ ಕಾಲಮ್ಮಿಗೆ ಸೇರುತ್ತದೆ?

ಪರಿಹಾರ ಬೇಡ. ಆ ತಟ್ಟೆಯನ್ನು ಈ ವಾರವೇ ನನ್ನ ಕೊಟ್ಟಿಗೆಗೆ ತನ್ನಿ. ಆಗದಿದ್ದರೆ ತಟ್ಟೆಯನ್ನೂ ಔಷಧಿಯನ್ನೂ ಕೊಟ್ಟು ನಮಗೇ ಕಲಿಸಿ. ಒಂದೇ ದನ ಇರುವ ಎಲ್ಲರಿಗೂ ಕಲಿಸಿ. ನೀವೇ ಬಂದರೆ ಹೆಚ್ಚು ಸಂತೋಷ, ಚಾ ಕುಡಿದು ಹೋಗಬಹುದು. ಗೇಟಿನ ಬೆಲ್ ಹಾಳಾಗಿದೆ. ಒತ್ತುವವರಿಲ್ಲದೆ ಅದು ಯಾವಾಗ ಹಾಳಾಯಿತೋ ನನಗೂ ತಿಳಿಯಲಿಲ್ಲ. ಹೊರಗೆ ನಿಂತು ಕೂಗಿ. ಮೊದಲು ಓಗೊಡುವವಳು ಡೈಸಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ನಾಲ್ಕು ದನಗಳ ಧಣಿ,
ಮೊರಿಸ್, ಬಿಜೈ