ಹತ್ತಿರಕ್ಕೆ ಬಂದ ಅಕ್ಕನ ತೋಟ

ಗುರುವಾರ, ಮಾರ್ಚ್ ೧೪

ಪಿಕಪ್‌ಗೆ ದೊಡ್ಡ ಟೈರು ಹಾಕಿಸಿ ಎರಡು ತಿಂಗಳಾಯಿತು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ ಹನ್ನೊಂದೇ ಓಡುತ್ತಿದೆ. ಇಂಜಿನ್ ಟ್ಯೂನಿಂಗ್ ಮಾಡಿಸಲೇಬೇಕು ಎಂದು ನನ್ನ ತಮ್ಮ ತಲೆ ತಿನ್ನುತ್ತಿದ್ದಾನೆ. ಇವತ್ತು ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಇಂಜಿನ್ ಗುಂಡುಕಲ್ಲಿನ ಹಾಗಿದೆ. ಸೆಟ್ಟಿಂಗ್ ಬದಲಾಯಿಸು ಅಂದ್ರೆ ನಾಳೆನೇ ಬದಲಾಯಿಸ್ತೀನಿ. ಆದ್ರೆ ಯಾಕೆ ಅಂತ ನೀವೇ ಹೇಳ್ಬೇಕು" ಅಂದ.

ಆ 'ಯಾಕೆ' ಕಿವಿಯಲ್ಲೇ ಉಳಿಯಿತು. ಊಟವಾದ ಮೇಲೆ ಗಾಡಿಯ ನೋಟ್‌ಬುಕ್ ತೆಗೆದೆ. ಜೇನುಪೆಟ್ಟಿಗೆ ಇಡಲು ಅಕ್ಕನ ತೋಟಕ್ಕೆ ಹೋದಾಗಲೆಲ್ಲ ಐವತ್ತು ಕಿಲೋಮೀಟರ್ ಎಂದು ಬರೆದಿದ್ದೇನೆ. ಹೊಸ ಟೈರು ಬಂದ ಮೇಲೆ ನಲವತ್ತಾರು. ದಾರಿ ಅದೇ. ತೋಟವೇನೂ ನಾಲ್ಕು ಕಿಲೋಮೀಟರ್ ಈಚೆಗೆ ನಡೆದು ಬಂದಿಲ್ಲ.

ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಇನ್ನೂ ಹಳೆಯ ಚಕ್ರದ ಲೆಕ್ಕದಲ್ಲೇ ಎಣಿಸುತ್ತಿದೆ. ಗಾಡಿ ಮೊದಲಿನಷ್ಟೇ ಕುಡಿದು, ಓಡಿದ್ದನ್ನು ಕಡಿಮೆ ಹೇಳುತ್ತಿದೆ ಅಷ್ಟೇ. ಟ್ಯೂನಿಂಗ್ ಬೇಡ, ಮೀಟರು ಸರಿಮಾಡಿಸಿದರೆ ಸಾಕು. ಖುಷಿಗೆ ಎದ್ದು ಒಂದು ಲೋಟ ನೀರು ಕುಡಿದೆ.

ಆಮೇಲೆ ಹೊಳೆಯಿತು. ಹಾಗಾದರೆ ಮೀಟರು ಎಂಬತ್ತು ತೋರಿಸುವಾಗ ನಾನು ಎಂಬತ್ತೇಳರಲ್ಲಿ ಹೋಗುತ್ತಿರುತ್ತೇನೆ. "ಯಾಕೋ ತುಂಬಾ ಜೋರಾಗಿ ಹೋಗ್ತಿದೀರಿ" ಎಂದು ಹೆಂಡತಿ ಪಕ್ಕದಲ್ಲಿ ಕೂತು ಎರಡು ತಿಂಗಳಿಂದ ಹೇಳುತ್ತಿದ್ದಾಳೆ. ಪ್ರತಿ ಸಲವೂ ಮೀಟರಿನ ಮುಳ್ಳು ತೋರಿಸಿ ಅವಳ ಬಾಯಿ ಮುಚ್ಚಿಸಿದ್ದೇನೆ.

ಬೆಳಿಗ್ಗೆ ಮೆಕ್ಯಾನಿಕ್‌ಗಿಂತ ಮೊದಲು ಅವಳಿಗೆ ಹೇಳಬೇಕು. ಹೇಗೆ ಶುರುಮಾಡುವುದೋ, ಗೊತ್ತಿಲ್ಲ.