ಕರಗಿಸಿಬಿಡು ಎಂದ ಅಕ್ಕನಿಗೆ

ಹಠಮಾರಿ ಅಕ್ಕನಿಗೆ, ಸೋತು ಸುಣ್ಣವಾದ ತಂಗಿಯ ನಮಸ್ಕಾರಗಳು.

ನಿನ್ನೆ ನನ್ನ ಕ್ಲಿನಿಕ್‌ಗೆ ಫೋನ್ ಮಾಡಿ, "ಕೆನ್ನೆಗೆ ಹಾಕಿದ್ದನ್ನೆಲ್ಲ ಕರಗಿಸಿಬಿಡಬೇಕು ಅಂತ ನಿಮ್ಮ ಡಾಕ್ಟರಿಗೆ ಹೇಳಮ್ಮ" ಎಂದು ರಿಸೆಪ್ಷನ್ ಹುಡುಗಿಗೆ ಅಪ್ಪಣೆ ಕೊಟ್ಟೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಹೆಡ್‌ಮಿಸ್ಟ್ರೆಸ್ ಆಗಿ ಆಗಿ ಅದೇ ಅಭ್ಯಾಸವಾಗಿದೆ.

ಮೊದಲ ದಿನ ನೆನಪಿದೆಯೇ? ಬಂದವಳೇ ನನ್ನ ಕುರ್ಚಿಯಲ್ಲಿ ಒರಗಿ, ಎರಡೂ ಕೆನ್ನೆಗಳನ್ನು ಬೆರಳಿನಿಂದ ಕಿವಿಯ ಕಡೆ ಎಳೆದು, "ಇಷ್ಟೇ ಕಣೇ, ಹೀಗೆ ಮಾಡು ಸಾಕು" ಎಂದೆ. ನಿನ್ನನ್ನು ನೆಟ್ಟಗೆ ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ಬಿಳಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಬಾಯಿ ಬಡಿದುಕೊಂಡೆ. ಒರಗಿದರೆ ಯಾರ ಕೆನ್ನೆಯಾದರೂ ಹಿಂದಕ್ಕೆ ಜಾರಿ ಚೆನ್ನಾಗಿಯೇ ಕಾಣುತ್ತದೆ. ಫಿಲ್ಲರ್ ಎಂದರೆ ಚರ್ಮದ ಕೆಳಗೆ ತುಂಬುವ ಜೆಲ್. ತಗ್ಗನ್ನು ತುಂಬುತ್ತದೆ, ಮೂಗಿನಿಂದ ಬಾಯಿಯವರೆಗಿನ ಗೆರೆಯನ್ನು ತಿಳಿಯಾಗಿಸುತ್ತದೆ, ಅದೂ ಕೆಲವು ತಿಂಗಳು. ಜೋತುಬಿದ್ದ ಚರ್ಮವನ್ನು ಎಳೆದು ಕಟ್ಟುವುದಿಲ್ಲ. ತಪ್ಪಿ ರಕ್ತನಾಳಕ್ಕೆ ಹೋದರೆ ಕಣ್ಣಿಗೇ ಅಪಾಯ. ಇಷ್ಟೆಲ್ಲ ಹೇಳಿದ್ದಕ್ಕೆ ನಿನ್ನ ಉತ್ತರ, "ಭಾಷಣ ಸಾಕು, ಸೂಜಿ ತೆಗಿ."

ಕಾರಣ ನನಗೆ ಗೊತ್ತಿತ್ತು. ಮರೆವಿನ ಕಾಯಿಲೆ ಹೆಚ್ಚಾದ ಮೇಲೆ ಅಪ್ಪ ನಿನ್ನನ್ನು ತೀರಿಹೋದ ಅಮ್ಮ ಎಂದುಕೊಂಡಿದ್ದಾರೆ. ಅಮ್ಮನನ್ನು ಕರೆಯುತ್ತಿದ್ದ ಹಾಗೆಯೇ, "ಇವಳೇ, ನನ್ನ ಕನ್ನಡಕ ಎಲ್ಲಿಟ್ಟೆ?" ಎನ್ನುತ್ತಾರೆ. ನಿನ್ನ ಮುಖದ ಗೆರೆಗಳು ಅಮ್ಮನವೇ, ಅವು ಹೋದರೆ ಮತ್ತೆ ಮಗಳಾಗುತ್ತೇನೆ ಎಂಬುದು ನಿನ್ನ ಲೆಕ್ಕಾಚಾರ. ಅದೆಲ್ಲ ಆಗದ ಮಾತು ಎಂದು ನಾನು ಹೇಳಿದ್ದು ನಿನ್ನ ಕಿವಿಗೆ ಬೀಳಲೇ ಇಲ್ಲ.

ಕೊನೆಗೆ ನಾನೇ ಸೋತು ಸೂಜಿ ಚುಚ್ಚಿದೆ. ಊತ ಇಳಿದ ಮೇಲೆ ನೀನು ನೇರ ನಮ್ಮ ಮನೆಗೆ, ಅಪ್ಪನ ಕೋಣೆಗೆ ಬಂದೆ. ಅಪ್ಪ ನಿನ್ನನ್ನು ನೋಡೇ ನೋಡಿದರು. ಆಮೇಲೆ ನಾಚಿಕೊಂಡು, "ಇವಳೇ, ಎಷ್ಟು ಚೆನ್ನಾಗಿ ಕಾಣ್ತಿದೀಯ. ಮದುವೆ ಆದ ಹೊಸದರಲ್ಲಿ ಹೀಗೇ ಇದ್ದೆ" ಎಂದರು. ಏನು ಮಾಡಲಿ, ನನಗೆ ನಗು ತಡೆಯಲಾಗಲಿಲ್ಲ. ನೀನು ಚೀಲ ಎತ್ತಿಕೊಂಡು ಹೊರಟವಳು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಕರಗಿಸುವ ಇಂಜೆಕ್ಷನ್ ಇದೆ ಅಕ್ಕ, ಕರಗಿಸುತ್ತೇನೆ. ಆಮೇಲೆ? ಅಪ್ಪ ನಿನ್ನಲ್ಲಿ ಅಮ್ಮನನ್ನು ಕಾಣುವುದು ಕೆನ್ನೆಯಿಂದಲ್ಲ, ನೀನು ಬೈಯುವ ರೀತಿಯಿಂದ. "ಮೂಗಿನ ಮೇಲೇ ಇದೆಯಲ್ಲ, ಕಾಣಲ್ವಾ?" ಎಂದು ರೇಗುವಾಗ ನೀನು ಥೇಟ್ ಅಮ್ಮ. ಅದಕ್ಕೆ ನನ್ನ ಹತ್ತಿರ ಯಾವ ಸೂಜಿಯೂ ಇಲ್ಲ.

ತಂದೆ ಬದುಕಿರುವಾಗಲೇ ಅವರ ಪಾಲಿಗೆ ಮಗಳಲ್ಲದೆ ಹೋಗುವುದು ಸಣ್ಣ ಸಂಕಟವಲ್ಲ. ಆದರೆ ನನ್ನ ಪಾಡನ್ನೂ ಕೇಳು. ದಿನಾ ಊಟ ಮಾಡಿಸುವವಳು ನಾನು. ನನಗೆ ಕೈಮುಗಿದು 'ಡಾಕ್ಟ್ರೇ' ಎನ್ನುತ್ತಾರೆ. ನೀನು ಬರುವುದು ನಿಂತ ಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನೀವು ಹೊರಡಿ ಡಾಕ್ಟ್ರೇ. ನಮ್ಮನೆಯವಳು ಬರ್ಲಿ, ಆಮೇಲೆ ಊಟ" ಎಂದು ಬಾಗಿಲು ನೋಡುತ್ತಾ ಕೂರುತ್ತಾರೆ. ಎಷ್ಟು ಗೋಗರೆದರೂ ಎರಡು ತುತ್ತಿಗಿಂತ ಹೆಚ್ಚು ಒಳಗೆ ಹೋಗುವುದಿಲ್ಲ.

ಬಾ. ಕೆನ್ನೆಯ ವಿಷಯ ಆಮೇಲೆ ನೋಡೋಣ. "ಇವಳೇ" ಎಂದಾಗ ಒಂದು ಸಲ "ಬಂದೆ" ಅನ್ನು. ಅವರು ಊಟ ಮಾಡಲಿ.

ಇನ್ನೂ ನಾಲ್ಕು ಗೆರೆ ಮೂಡುವಷ್ಟು ಆಯಸ್ಸು ನಿನಗಿರಲಿ.

ಇಂತಿ,
ನಿನಗೆ ತಂಗಿ, ಅಪ್ಪನಿಗೆ ಡಾಕ್ಟ್ರು